ಪಟ್ಟಣದಲ್ಲಿ ಬಿಳಿಯರ ದಂಗೆ

ಮದ್ದೂರು ತಾಲ್ಲೂಕಿನ ನಮ್ಮ ಸೋಮನಹಳ್ಳಿ ಹೆದ್ದಾರಿಯ ಮೇಲಣ ಊರು. ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆ ಹಿಡಿದು ಹೋಗತಕ್ಕವರು ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಸೇರುವುದಕ್ಕೆ ಮುಂಚೆ, ಅದನ್ನು ಹಾದು ಹೋಗುತ್ತಾರೆ. ಹೆದ್ದಾರಿಯ ಊರಿನವರಿಗೆ ಒಂದು ಗುಣವಿದೆ. ದಾರಿಯಲ್ಲಿ ಯಾರು ಹೋದರೂ ತಲೆಯೆತ್ತಿ ನೋಡುತ್ತಾರೆ. ಅವರು ಹೋದ ಮೇಲೆ ತಮ್ಮ ಕೆಲಸಕ್ಕೆ ಬಗ್ಗುತ್ತಾರೆ. ನಾನು ಹುಡುಗನಾಗಿದ್ದಾಗ ನಮ್ಮಜ್ಜಿ ಈ ರಸ್ತೆಯನ್ನು ‘ದಂಡು ಹೋದ ದಾರಿ’ ಎನ್ನುತ್ತಿದ್ದಳು. ಯಾವ ದಂಡಜ್ಜಿ ಎಂದು ಕೇಳಿದರೆ, “ಯಾವ್ದಾದ್ರೇನ್ಲಾ ಮಗ, ಬೆಳೆ ತುಳಿಯಾಕೆ ಎಲ್ಲಾ ದಂಡೂ ಒಂದೇ ಕಣ್ಲಾ” ಎಂದು ಮಾತು ಮುಗಿಸಿಬಿಡುತ್ತಿದ್ದಳು.

ಅಜ್ಜಿಯ ಮಾತು ಸುಳ್ಳಲ್ಲ. ಆದರೂ ಚರಿತ್ರೆಯ ಹುಚ್ಚು ಹತ್ತಿದವನಿಗೆ ‘ಯಾವ ದಂಡು’ ಎಂಬ ಪ್ರಶ್ನೆ ಬಿಡುವುದಿಲ್ಲ. ನಮ್ಮ ಸೀಮೆಯ ದಂಡಿನ ಕಥೆಗಳೆಲ್ಲ ಟಿಪ್ಪುವಿನ ಹೆಸರಿನೊಡನೆ ನಿಂತುಬಿಡುತ್ತವೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಸುಲ್ತಾನನಿಗೂ ಕದನವಾಯಿತು; ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಸುಲ್ತಾನನೂ ಬಿದ್ದ. ಅಲ್ಲಿಗೆ ಯುದ್ಧದ ಕಾಲ ಮುಗಿದು ಶಾಂತಿಯ ಕಾಲ ಬಂದಿತೆಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆವು. ನನ್ನ ಮಟ್ಟಿಗೆ ಆ ನಂಬಿಕೆ ಬಹಳ ವರ್ಷ ಹಾಗೆಯೇ ಇತ್ತು. ಆದರೆ ಅದೇ ಕೋಟೆಯ ಹೊರಗೆ, ಹತ್ತು ವರ್ಷದ ಮೇಲೆ, 1809ರ ಆಗಸ್ಟ್ 11ರಂದು ಮತ್ತೊಂದು ರಕ್ತಪಾತವಾಯಿತು. ಅದು ದಂಗೆಯೇ. ಆದರೆ ಎದ್ದವರು ಕಪ್ಪು ಸಿಪಾಯಿಗಳಲ್ಲ. ಅವರನ್ನು ಆಳುತ್ತಿದ್ದ ಬಿಳಿಯ ಅಧಿಕಾರಿಗಳು. ಎದ್ದದ್ದು ಯಾರ ವಿರುದ್ಧ? ತಮ್ಮದೇ ಕುಂಪಣಿ ಸರ್ಕಾರದ ವಿರುದ್ಧ. ಕಾರಣವೋ, ಗುಡಾರದ ಗುತ್ತಿಗೆ. ವಾಚಕರು ನಗಬಾರದು. ನಗುವಷ್ಟು ಸಣ್ಣ ಕಾರಣಕ್ಕೆ ಸತ್ತವರು ನಗತಕ್ಕ ಸ್ಥಿತಿಯಲ್ಲಿರಲಿಲ್ಲ.

ಈ ಕಥೆ ತಿಳಿಯಬೇಕಾದರೆ ಮೂರು ವರ್ಷ ಹಿಂದಕ್ಕೆ, ವೆಲ್ಲೂರಿಗೆ ಹೋಗಬೇಕು.

ಟಿಪ್ಪು ಮಡಿದ ಮೇಲೆ ಅವನ ಮಕ್ಕಳನ್ನೂ ಪರಿವಾರವನ್ನೂ ಕುಂಪಣಿಯವರು ವೆಲ್ಲೂರಿನ ಕೋಟೆಯಲ್ಲಿ ಇರಿಸಿದ್ದರು. ಅವರ ಹಿಂದೆಯೇ ಮೈಸೂರು ಸೀಮೆಯಿಂದ ಹೋದ ಜನ ಕೋಟೆಯ ಸುತ್ತ ನೆಲಸಿದ್ದರು. ಆಗ ಮದರಾಸಿನ ಗವರ್ನರು ಲಾರ್ಡ್ ವಿಲಿಯಂ ಬೆಂಟಿಂಕ್. ಸೇನಾಪತಿ ಸರ್ ಜಾನ್ ಕ್ರಾಡಕ್. ಸೈನ್ಯವೆಂದರೆ ಒಂದೇ ಅಚ್ಚಿನಲ್ಲಿ ಎರೆದ ಗೊಂಬೆಗಳಂತಿರಬೇಕು ಎಂಬ ಹಟ ಈ ಸೇನಾಪತಿಗೆ ಹಿಡಿಯಿತು. ಸಿಪಾಯಿಗಳು ಹಣೆಗೆ ನಾಮ ವಿಭೂತಿ ಇಡಬಾರದು, ಕಿವಿಗೆ ಒಂಟಿ ಧರಿಸಬಾರದು, ಗಡ್ಡ ಬೋಳಿಸಬೇಕು, ಮೀಸೆ ಇಷ್ಟೇ ಇರಬೇಕು ಎಂದು ಅಪ್ಪಣೆಯಾಯಿತು. ಅದರ ಮೇಲೆ ಹೊಸ ಮಾದರಿಯ ಒಂದು ಮುಂಡಾಸು ಬಂದಿತು. ನೋಡಿದರೆ ಪರಂಗಿಯವರ ಟೊಪ್ಪಿಗೆಯ ಹಾಗೆ. ಅದಕ್ಕೆ ಚರ್ಮದ ಬಿಲ್ಲೆ ಬೇರೆ. ಆ ಚರ್ಮ ಹಸುವಿನದೋ ಹಂದಿಯದೋ ಎಂಬ ಶಂಕೆ ಹಿಂದೂಗಳಿಗೂ ಮುಸಲ್ಮಾನರಿಗೂ ಏಕಕಾಲದಲ್ಲಿ ಹುಟ್ಟಿತು. ತೊಡುವುದಿಲ್ಲವೆಂದವರನ್ನು ಹಿಡಿದು ಕೊರಡೆಯಿಂದ ಹೊಡೆಸಿದರು. ಇಬ್ಬರಿಗೆ ತಲಾ 900 ಏಟಿನ ಶಿಕ್ಷೆ.

1806ರ ಜುಲೈ 10ರ ಬೆಳಗಿನ ಜಾವ ವೆಲ್ಲೂರಿನ ಕೋಟೆ ಸಿಡಿಯಿತು. ಹಿಂದಿನ ದಿನ ಟಿಪ್ಪುವಿನ ಮಗಳೊಬ್ಬಳ ಮದುವೆಯ ಸಂಭ್ರಮ. ರಾತ್ರಿ ಮುಗಿಯುವುದರೊಳಗೆ ಸಿಪಾಯಿಗಳು ಮಲಗಿದ್ದ ಗೋರಾ ಪಲ್ಟನ್ನಿನ ಮೇಲೆ ಬಿದ್ದರು. ಕೋಟೆಯ ಅಧಿಪತಿ ಕರ್ನಲ್ ಫ್ಯಾನ್‌ಕೋರ್ಟನನ್ನು ಕೊಂದರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಬೆಳಗಾಗುವ ಹೊತ್ತಿಗೆ ಕೋಟೆಯ ಮೇಲೆ ಮೈಸೂರಿನ ಸುಲ್ತಾನರ ಬಾವುಟ ಹಾರುತ್ತಿತ್ತು. ಆದರೆ ಆ ರಾಜ್ಯ ಕೆಲವು ಗಂಟೆ ಬಾಳಿತು, ಅಷ್ಟೆ. ಆರ್ಕಾಟಿನಿಂದ ಕುದುರೆಯ ದಳದೊಡನೆ ಧಾವಿಸಿದ ಗಿಲೆಸ್ಪಿ ಎಂಬವನು ಹಗ್ಗ ಹಿಡಿದು ಕೋಟೆಯ ಗೋಡೆಯನ್ನೇರಿದ. ಅವನ ಹಿಂದೆ ಬಂದ ಫಿರಂಗಿಗಳು ಬಾಗಿಲನ್ನು ಒಡೆದವು. ಅರಮನೆಯೊಳಗೆ ಸಿಕ್ಕಿದ ಸುಮಾರು 100 ಮಂದಿಯನ್ನು ಗೋಡೆಗೆ ನಿಲ್ಲಿಸಿ ಸುಟ್ಟರು. ಆ ದಿನ ಸತ್ತ ಸಿಪಾಯಿಗಳು 350 ಎಂದು ಒಂದು ಲೆಕ್ಕ, ಅದರ ಎರಡರಷ್ಟೆಂದು ಇನ್ನೊಂದು ಲೆಕ್ಕ. ಮುಂದೆ ವಿಚಾರಣೆಯಾಗಿ 6 ಜನರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು, 5 ಜನರಿಗೆ ಗುಂಡು, 8 ಜನರಿಗೆ ನೇಣು, 5 ಜನರಿಗೆ ಗಡೀಪಾರು. ಮೂರು ಪಲ್ಟನ್ನುಗಳ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿದರು. ಟಿಪ್ಪುವಿನ ವಂಶದವರನ್ನು ದೂರದ ಕಲ್ಕತ್ತೆಗೆ ಸಾಗಿಸಿದರು.

ಅಂಜಿಕೆ ಅಷ್ಟಕ್ಕೆ ನಿಲ್ಲಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ನಂದಿದುರ್ಗದ ಸಿಪಾಯಿಗಳೂ ಏಳಲಿದ್ದಾರೆಂಬ ಸುದ್ದಿ ಹಬ್ಬಿ ಬೆಂಗಳೂರಿನಿಂದ ದಂಡು ಓಡಿತು. ಮರುವರ್ಷ ಲಂಡನ್ನಿನವರು ಬೆಂಟಿಂಕನನ್ನೂ ಕ್ರಾಡಕನನ್ನೂ ವಾಪಸು ಕರೆಸಿಕೊಂಡರು. ಮುಂಡಾಸಿನ ಅಪ್ಪಣೆ ರದ್ದಾಯಿತು. ಸಿಪಾಯಿಯ ಜಾತಿಯನ್ನೂ ಮತವನ್ನೂ ಮುಟ್ಟಬಾರದು ಎಂಬ ಪಾಠವನ್ನು ಕುಂಪಣಿ ಸರ್ಕಾರ ಕಲಿತಿತು. 50 ವರ್ಷದಲ್ಲಿ ಮರೆಯಿತು, ಅದು ಬೇರೆ ಮಾತು.

ಇನ್ನು ಗುಡಾರದ ವಿಷಯ. ಆ ಕಾಲದಲ್ಲಿ ಸಿಪಾಯಿ ಪಲ್ಟನ್ನಿನ ಬಿಳಿಯ ಮುಖ್ಯಾಧಿಕಾರಿಗೆ ಸಂಬಳದ ಜತೆಗೆ ಇನ್ನೊಂದು ವರಮಾನವಿತ್ತು. ಪಲ್ಟನ್ನಿಗೆ ಬೇಕಾದ ಗುಡಾರಗಳನ್ನೂ ಅವನ್ನು ಹೊರುವ ಎತ್ತುಗಳನ್ನೂ ಒದಗಿಸುವ ಗುತ್ತಿಗೆ ಅವನದೇ. ಯುದ್ಧವಿರಲಿ, ಇಲ್ಲದಿರಲಿ, ತಿಂಗಳಿಗೆ ಇಂತಿಷ್ಟೆಂದು ಸರ್ಕಾರ ಎಣಿಸಿ ಕೊಡುತ್ತಿತ್ತು. ಯುದ್ಧವಿಲ್ಲದ ದಿನ ಎತ್ತುಗಳಿಲ್ಲದಿದ್ದರೂ ಕೇಳುವವರಾರು? ಎಷ್ಟು ಕಡಿಮೆ ಇಟ್ಟರೆ ಅಷ್ಟು ಲಾಭ. ದಂಡಿನ ಬಜಾರಿನಲ್ಲಿ ಹೆಂಡ ಸಾರಾಯಿಯ ಮೇಲೆ ಬರುತ್ತಿದ್ದ ಸುಂಕದಲ್ಲೂ ಇವರಿಗೆ ಪಾಲಿತ್ತು. ಸೈನ್ಯದ ಉಗ್ರಾಣದ ಮೇಲ್ವಿಚಾರಕನಾಗಿದ್ದ ಲೆಫ್ಟಿನೆಂಟ್ ಕರ್ನಲ್ ಜಾನ್ ಮನ್ರೋ ಈ ಗುತ್ತಿಗೆಯ ಪದ್ಧತಿಯನ್ನು ಪರಿಶೀಲಿಸಿ, ಇದರಿಂದ ಅಧಿಕಾರಿಯ ಸ್ವಂತ ಲಾಭಕ್ಕೂ ಅವನ ಕರ್ತವ್ಯಕ್ಕೂ ತಿಕ್ಕಾಟ ಬರುತ್ತದೆ ಎಂದು ವರದಿ ಬರೆದ. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತೆಂದೇ ಎಲ್ಲರಿಗೂ ನೋವಾಯಿತು. 1808ರಲ್ಲಿ ಹೊಸ ಗವರ್ನರು ಸರ್ ಜಾರ್ಜ್ ಬಾರ್ಲೋ ಗುತ್ತಿಗೆಯನ್ನು ರದ್ದುಮಾಡಿದ. ಬಾರ್ಲೋ ಲೆಕ್ಕದ ಮನುಷ್ಯ. ಖರ್ಚು ಇಳಿಸಬೇಕೆಂದು ಮೇಲಿನವರು ಹೇಳಿದ್ದರು, ಇಳಿಸಿದ. ನಗುಮುಖದಿಂದ ಒಂದು ಮಾತಾಡಿ ಜನರನ್ನು ಒಲಿಸುವ ಕಲೆ ಅವನ ಜಾತಕದಲ್ಲಿರಲಿಲ್ಲ.

ಇದೇ ಸಮಯಕ್ಕೆ ಸೇನಾಪತಿ ಹೇ ಮ್ಯಾಕ್ಡೊವಾಲನಿಗೂ ಒಂದು ಸಿಟ್ಟು. ಹಿಂದಿನ ಸೇನಾಪತಿಗಳಿಗೆ ಗವರ್ನರ ಕೌನ್ಸಿಲಿನಲ್ಲಿ ಕುರ್ಚಿಯಿರುತ್ತಿತ್ತು, ಇವನಿಗೆ ಕೊಡಲಿಲ್ಲ. ಅಧಿಕಾರಿಗಳು ಮನ್ರೋನ ವರದಿಯಿಂದ ತಮ್ಮ ಮಾನ ಹೋಯಿತೆಂದು ದೂರಿತ್ತರೆ, ಮ್ಯಾಕ್ಡೊವಾಲ ಮನ್ರೋನನ್ನು ಬಂಧನದಲ್ಲಿಟ್ಟ. ಬಾರ್ಲೋ ಬಿಡಿಸಿದ. ಸೇನಾಪತಿ ರಾಜೀನಾಮೆ ಎಸೆದು, 1809ರ ಜನವರಿಯ ಕೊನೆಗೆ ಹಡಗು ಹತ್ತುವಾಗ ಮನ್ರೋನನ್ನು ಛೀಮಾರಿ ಹಾಕುವ ಒಂದು ಆಜ್ಞಾಪತ್ರವನ್ನು ಹಿಂದೆ ಬಿಟ್ಟು ಹೋದ. ಬಾರ್ಲೋ ಹೊರಟವನನ್ನೇ ವಜಾ ಮಾಡಿದ. ಆ ಪತ್ರವನ್ನು ಹೊರಡಿಸಿದ್ದಕ್ಕಾಗಿ ಅಧಿಕಾರಿಗಳಾದ ಕ್ಯಾಪರ್ ಮತ್ತು ಬೋಲ್ಸ್ ಎಂಬವರನ್ನೂ ಕೆಲಸದಿಂದ ಅಮಾನತಿನಲ್ಲಿಟ್ಟ. ಮ್ಯಾಕ್ಡೊವಾಲ ಏರಿದ ಹಡಗು ಸಮುದ್ರದಲ್ಲಿ ಕಣ್ಮರೆಯಾಯಿತು. ಅವನು ಇಂಗ್ಲೆಂಡು ಕಾಣಲಿಲ್ಲ. ಆದರೆ ಅವನು ಹಚ್ಚಿದ ಕಿಡಿ ಮದರಾಸಿನಲ್ಲಿ ಉಳಿಯಿತು. ಮೇ 1ರಂದು ಬಾರ್ಲೋ ಇನ್ನಷ್ಟು ಅಧಿಕಾರಿಗಳನ್ನು ಅಮಾನತು ಮಾಡಿದಾಗ ಕಿಡಿ ಉರಿಯಾಯಿತು. ಮಚಲೀಪಟ್ಟಣದಲ್ಲಿ ಅಧಿಕಾರಿಗಳು ತಮ್ಮ ಮುಖ್ಯಸ್ಥನನ್ನೇ ಕೂಡಿಹಾಕಿದರು. ಹೈದರಾಬಾದಿನ ಸೈನ್ಯದವರು ಮದರಾಸಿನ ಮೇಲೆ ಹೊರಡುತ್ತೇವೆಂದು ಬೆದರಿಸಿದರು. ಊರೂರಿನ ದಂಡುಗಳಲ್ಲಿ ಗುಟ್ಟಿನ ಸಮಿತಿಗಳು, ಗುಟ್ಟಿನ ಕಾಗದಗಳು.

ಜುಲೈ ತಿಂಗಳ ಕೊನೆಗೆ ಬಾರ್ಲೋ ತನ್ನ ಕೊನೆಯ ದಾಳ ಹಾಕಿದ. ಪ್ರತಿಯೊಬ್ಬ ಅಧಿಕಾರಿಯೂ ಸರ್ಕಾರಕ್ಕೆ ವಿಧೇಯನಾಗಿರುವೆನೆಂದು ಪ್ರತಿಜ್ಞಾಪತ್ರಕ್ಕೆ ರುಜು ಹಾಕಬೇಕು; ಹಾಕದವರು ಪಲ್ಟನ್ನು ಬಿಟ್ಟು ಸಮುದ್ರತೀರದ ಊರುಗಳಿಗೆ ಹೋಗಿ ಕೂರಬೇಕು. ಅಷ್ಟೇ ಅಲ್ಲ. ಪಲ್ಟನ್ನಿನ ಸುಬೇದಾರ, ಜಮಾದಾರರನ್ನು ಕರೆದು, ನಿಮ್ಮ ಅನ್ನದ ಋಣ ಸರ್ಕಾರದ್ದು, ನಿಮ್ಮ ಬಿಳಿಯ ಅಧಿಕಾರಿಯದಲ್ಲ ಎಂದು ತಿಳಿಯಹೇಳಬೇಕು. ಈ ಎರಡನೆಯ ಅಪ್ಪಣೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅಧಿಕಾರಿಯ ಮಾತು ಕೇಳುವುದೇ ಧರ್ಮವೆಂದು ಸಿಪಾಯಿಗೆ ಕಲಿಸಿದವರು, ವೆಲ್ಲೂರಿನಲ್ಲಿ ಆ ಧರ್ಮ ತಪ್ಪಿದವರನ್ನು ತೋಪಿಗೆ ಕಟ್ಟಿದವರು, ಮೂರೇ ವರ್ಷದಲ್ಲಿ ಬಂದು, ‘ಅಧಿಕಾರಿಯ ಮಾತು ಕೇಳಬೇಡ’ ಎಂದರು.

ಈಗ ನಮ್ಮ ಪಟ್ಟಣಕ್ಕೆ ಬರೋಣ. (ಮಂಡ್ಯ ಸೀಮೆಯಲ್ಲಿ ಬರಿದೆ ‘ಪಟ್ಟಣ’ ಎಂದರೆ ಶ್ರೀರಂಗಪಟ್ಟಣವೇ.) ಟಿಪ್ಪುವಿನ ಪತನಾನಂತರ ರಾಜ್ಯವನ್ನು ಒಡೆಯರ ವಂಶಕ್ಕೆ ಮರಳಿಸಿದರೂ ಪಟ್ಟಣದ ದ್ವೀಪವನ್ನು ಕುಂಪಣಿಯವರು ತಮ್ಮಲ್ಲೇ ಇರಿಸಿಕೊಂಡಿದ್ದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ 15 ವರ್ಷ. ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರದು. ವರ್ಷಕ್ಕೆ 7 ಲಕ್ಷ ವರಹ ಕುಂಪಣಿಯ ಸೈನ್ಯದ ವೆಚ್ಚಕ್ಕೆಂದು ಸಲ್ಲಬೇಕು. ಸಾಲದ್ದಕ್ಕೆ 1807ರ ಒಪ್ಪಂದದ ಪ್ರಕಾರ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಟ್ಟು, ಕರೆದಾಗ ಕಳಿಸಿಕೊಡಬೇಕು. ಈ ಹಣವೆಲ್ಲ ಎಲ್ಲಿಂದ ಬರಬೇಕು? ನಮ್ಮ ಮದ್ದೂರು, ಮಳವಳ್ಳಿ, ನಾಗಮಂಗಲದ ಒಕ್ಕಲು ಕಟ್ಟಿದ ಕಂದಾಯದಿಂದ.

ಪಟ್ಟಣದ ಕೋಟೆಯ ಅಧಿಪತಿ ಲೆಫ್ಟಿನೆಂಟ್ ಕರ್ನಲ್ ಜಾನ್ ಬೆಲ್ ಎಂಬ ತೋಪಿನ ದಳದವನು. ಅವನೇ ದಂಗೆಯ ಮುಂದಾಳಾದ. ಬ್ರಿಟನ್ನಿನ ದೊರೆಯ ಸೈನ್ಯಕ್ಕೆ ಸೇರಿದ ಚಿಕ್ಕ ತುಕಡಿಯೊಂದು ಒಳಗಿತ್ತು. ಅದನ್ನು ಹೊರಕ್ಕೆ ಕಳಿಸಿ, ಖಜಾನೆ ವಶಪಡಿಸಿಕೊಂಡು, ಕೋಟೆಯ ಬಾಗಿಲು ಹಾಕಿಕೊಂಡರು. ಬುದ್ಧಿ ಹೇಳಲು ಒಳಹೋದ ಮೈಸೂರು ಪ್ರಾಂತದ ಸೇನಾಧಿಕಾರಿ ಡೇವಿಸನನ್ನು ಸ್ವಲ್ಪ ಕಾಲ ತಡೆದಿಟ್ಟು ಬಿಟ್ಟರು. ಹತ್ತು ವರ್ಷದ ಹಿಂದೆ ಯಾವ ಕೋಟೆಯನ್ನು ಲಗ್ಗೆ ಹತ್ತಿ ಹಿಡಿದು ಲೋಕಕ್ಕೆಲ್ಲ ಡಂಗುರ ಹೊಡೆಸಿದ್ದರೋ, ಅದೇ ಕೋಟೆಯಲ್ಲಿ ಈಗ ಕುಂಪಣಿಯ ಅಧಿಕಾರಿಗಳೇ ಕುಂಪಣಿಗೆ ವೈರಿಗಳಾಗಿ ಕುಳಿತಿದ್ದರು. ಮೈಸೂರಿನಲ್ಲಿ ರೆಸಿಡೆಂಟರ ಕೆಲಸ ನೋಡುತ್ತಿದ್ದ ಆರ್ಥರ್ ಕೋಲ್ ಪೂರ್ಣಯ್ಯನವರ ನೆರವು ಕೇಳಿದ. ಬೆಂಗಳೂರಿನಿಂದ ಲೆಫ್ಟಿನೆಂಟ್ ಕರ್ನಲ್ ಗಿಬ್ಸ್ ಎಂಬವನ ಕೈಕೆಳಗೆ ಗೋರಾ ಕುದುರೆಯ ದಳವೂ ಕಾಲಾಳೂ ದೇಶೀ ಕುದುರೆಯ ದಳವೂ ಪಟ್ಟಣದ ಕಡೆಗೆ ನಡೆದವು.

ಪೂರ್ಣಯ್ಯನವರು ಆಗ ಏನೆಂದುಕೊಂಡರೋ! ಹೈದರನಲ್ಲಿ, ಟಿಪ್ಪುವಿನಲ್ಲಿ ಮಂತ್ರಿಯಾಗಿದ್ದು, ಆ ಕೋಟೆಯ ಒಂದೊಂದು ಕಲ್ಲನ್ನೂ ಬಲ್ಲ ಮುದುಕ. ಹುಲಿಗಳಿಬ್ಬರು ಕಚ್ಚಾಡುವಾಗ ನಡುವೆ ಸಿಕ್ಕ ಸಣ್ಣ ರಾಜ್ಯದ ದಿವಾನನಿಗೆ ಇರತಕ್ಕ ದಾರಿ ಒಂದೇ: ಗೆಲ್ಲುವ ಹುಲಿ ಯಾವುದೆಂದು ಮುಂಚೆಯೇ ಗುರುತಿಸುವುದು. ಅವರು ಗುರುತಿಸಿದರು. ಮೈಸೂರಿನ ಸವಾರರು ಸರ್ಕಾರದ ಪಕ್ಷಕ್ಕೆ ಹೋದರು. ಅವರನ್ನು ದೂರುವುದು ಸುಲಭ. ಅವರ ಜಾಗದಲ್ಲಿ ನಿಂತು ಬೇರೆ ದಾರಿ ತೋರಿಸುವುದು ನನ್ನಿಂದಾಗದು.

ಚಿತ್ರದುರ್ಗದಲ್ಲಿ ಸಿಪಾಯಿಗಳ ಎರಡು ಪಲ್ಟನ್ನುಗಳಿದ್ದವು. ಪಟ್ಟಣದ ಅಧಿಕಾರಿಗಳು ನೆರವಿಗೆ ಬನ್ನಿರೆಂದು ಹೇಳಿಕಳಿಸಿದರು. ಅಲ್ಲಿಯ ಬಿಳಿಯ ಅಧಿಕಾರಿಗಳು ಖಜಾನೆಯ ಹಣ ತೆಗೆದುಕೊಂಡು, ಪಲ್ಟನ್ನುಗಳನ್ನು ಸಾಲುಗಟ್ಟಿಸಿ ದಕ್ಷಿಣಕ್ಕೆ ಹೊರಟರು. ಈ ಸಿಪಾಯಿಗಳು ಯಾರು? ತೆಲುಗು ತಮಿಳು ಸೀಮೆಗಳ ಒಕ್ಕಲ ಮಕ್ಕಳು, ಮುಸಲ್ಮಾನರು. ತಿಂಗಳಿಗೆ 7 ರೂಪಾಯಿ ಆಸುಪಾಸಿನ ಸಂಬಳಕ್ಕೆ ಬಂದೂಕು ಹೊತ್ತವರು. ಗುಡಾರದ ಗುತ್ತಿಗೆಯ ಒಂದು ಕಾಸೂ ಅವರ ಕೈಗೆ ಬಂದಿರಲಿಲ್ಲ. ಅದು ಹೋದದ್ದರಿಂದ ಅವರಿಗೆ ನಷ್ಟವೂ ಇರಲಿಲ್ಲ. ಕೌನ್ಸಿಲಿನ ಕುರ್ಚಿ ಎಂದರೇನೆಂದು ಅವರಿಗೆ ತಿಳಿದಿರಲಾರದು. ‘ನಡೆ’ ಎಂದರು, ನಡೆದರು. ನಡೆಯದಿದ್ದರೆ ಏನಾಗುತ್ತದೆಂಬುದು ಮಾತ್ರ ಮದರಾಸು ಸೈನ್ಯದ ಪ್ರತಿಯೊಬ್ಬ ಸಿಪಾಯಿಗೂ ಗೊತ್ತಿತ್ತು. ವೆಲ್ಲೂರಿನ ತೋಪುಗಳ ಸದ್ದು ಆರಿ ಮೂರು ವರ್ಷ ಮಾತ್ರವಾಗಿತ್ತು.

ಚಿತ್ರದುರ್ಗದಿಂದ ಪಟ್ಟಣ ಎಂದರೆ ಸುಮಾರು 200 ಕಿಲೋಮೀಟರಿನ ನಡಿಗೆ, ಮಳೆಗಾಲದಲ್ಲಿ, ಹೆಗಲಿನ ಮೇಲೆ ಗಂಟು ಹೊತ್ತು. ದಾರಿಯಲ್ಲಿ ಮೈಸೂರಿನ ಸವಾರರು ಹಿಂದೆ ಮುಂದೆ ಸುಳಿಯುತ್ತಿದ್ದರು. ಅವರನ್ನು ಶತ್ರುಗಳೆಂದು ಸಿಪಾಯಿಗಳು ಏಕೆ ತಿಳಿದಾರು? ಒಂದೇ ಕುಂಪಣಿಯ ಉಪ್ಪಿನವರು. ಆಗಸ್ಟ್ 11ರಂದು ಪಟ್ಟಣ ಇನ್ನೇನು ಬಂದಿತು ಎನ್ನುವಾಗ ಅದೇ ಸವಾರರು ಕತ್ತಿ ಹಿರಿದು ಮೇಲೆ ಬಿದ್ದರು. ಜತೆಗೆ ಗಿಬ್ಸನ ಗೋರಾ ಕುದುರೆಯ ದಳವೂ ನುಗ್ಗಿತು. ಸಾಲು ಒಡೆಯಿತು. ಯಾರ ಮೇಲೆ ಗುಂಡು ಹಾರಿಸಬೇಕು, ಹಾರಿಸಬೇಕೋ ಬೇಡವೋ, ಇದು ಯಾರ ಯುದ್ಧ ಎಂದು ತಿಳಿಯುವ ಮೊದಲೇ ಅವರಲ್ಲಿ ಬಹಳ ಜನ ನೆಲಕ್ಕೆ ಬಿದ್ದಿದ್ದರು. ಕೋಟೆಯಿಂದ ಒಂದು ಗುಂಪು ಹೊರಬಿದ್ದು ಗಿಬ್ಸನ ಬಿಡಾರದ ಮೇಲೆ ಹಾಯಿತು, ಅದನ್ನು ಹಿಂದಕ್ಕಟ್ಟಿದರು. ಚೆದರಿದವರಲ್ಲಿ ಓಡಬಲ್ಲವರು ಹೇಗೋ ಕೋಟೆಯೊಳಕ್ಕೆ ಸೇರಿಕೊಂಡರು.

ಮದರಾಸಿನಿಂದ ಹೈದರಾಬಾದಿನವರೆಗೆ ಹಬ್ಬಿದ್ದ ಈ ‘ಬಿಳಿಯರ ದಂಗೆ’ಯಲ್ಲಿ ರಕ್ತ ಹರಿದದ್ದು ಇದೊಂದೇ ಜಾಗದಲ್ಲಿ. ಅದು ನಮ್ಮ ಕಾವೇರಿಯ ದಡದಲ್ಲಿ. ಹರಿದದ್ದು ಹೆಚ್ಚುಕಡಿಮೆ ಎಲ್ಲವೂ ಸಿಪಾಯಿಗಳದು.

ಆ ವಾರ ನಮ್ಮೂರ ಕಡೆ ರಾಗಿ ಹೊಲದಲ್ಲಿ ಕಳೆ ತೆಗೆಯುವ ಕಾಲ. ಹೆದ್ದಾರಿಯಲ್ಲಿ ಕುದುರೆಗಳ ಧೂಳೆದ್ದರೆ ನಮ್ಮಜ್ಜಿಯ ಅಜ್ಜಿಯ ಅಜ್ಜಿ ಕುಡುಗೋಲು ಹಿಡಿದು ನಿಂತು ನೋಡಿರಬೇಕೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ‘ಯಾರ ದಂಡು?’ ಎಂದು ಯಾರನ್ನಾದರೂ ಕೇಳಿದ್ದರೆ, ‘ಕುಂಪಣಿಯದು’. ‘ಯಾರ ಮೇಲೆ?’ ‘ಕುಂಪಣಿಯ ಮೇಲೆ’. ಅವಳು ನಕ್ಕು ಮತ್ತೆ ಬಗ್ಗಿರಬೇಕು.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಹೈದರಾಬಾದಿಗೆ ಪುಣೆಯಿಂದ ಬ್ಯಾರಿ ಕ್ಲೋಸ್ ಬಂದ. ಮೈಸೂರಿನ ಮೊದಲ ರೆಸಿಡೆಂಟ್ ಅವನೇ, ನಮ್ಮ ರಾಮನಗರ ಪಟ್ಟಣವನ್ನು ಹಿಂದೆ ಕ್ಲೋಸ್‌ಪೇಟೆ ಎಂದು ಕರೆದದ್ದೂ ಅವನ ಹೆಸರಿನಿಂದಲೇ. ಅದೇ ಆಗಸ್ಟಿನಲ್ಲಿ ಹೈದರಾಬಾದಿನ ಅಧಿಕಾರಿಗಳು ತಪ್ಪಾಯಿತೆಂದು ಬರೆದುಕೊಟ್ಟು ರುಜು ಹಾಕಿದರು. ಅಲ್ಲಿ ಶಾಯಿಯಿಂದಲೇ ಕೆಲಸ ಮುಗಿಯಿತು. ಆ ಸುದ್ದಿ ಬಂದ ಮೇಲೆ ಪಟ್ಟಣದವರಿಗೂ ಧೈರ್ಯ ಉಡುಗಿ, ತಿಂಗಳು ಮುಗಿಯುವ ಮೊದಲೇ ಕೋಟೆಯನ್ನು ಒಪ್ಪಿಸಿದರು. ಗವರ್ನರ್ ಜನರಲ್ ಲಾರ್ಡ್ ಮಿಂಟೋ ತಾನೇ ಕಲ್ಕತ್ತೆಯಿಂದ ಮದರಾಸಿಗೆ ಬಂದಿಳಿದು, ಸೆಪ್ಟೆಂಬರ್ 25ರಂದು ಕ್ಷಮಾದಾನ ಸಾರಿದ. ಸುಮಾರು 20 ಅಧಿಕಾರಿಗಳ ಹೊರತು ಉಳಿದ ನೂರಾರು ಜನರಿಗೆ ಪೂರ್ಣ ಮಾಫಿ. ಬೆಂಗಳೂರಿನಲ್ಲಿ ಸೇನಾ ನ್ಯಾಯಾಲಯ ಕುಳಿತಿತು. ಕೋಟೆಯ ಬಾಗಿಲು ಹಾಕಿಕೊಂಡು ಖಜಾನೆ ಹಿಡಿದ ಬೆಲ್ ಕರ್ನಲನಿಗೆ ಆದ ಶಿಕ್ಷೆ, ಹುದ್ದೆಯಿಂದ ವಜಾ. ಸ್ಟೋರಿ ಎಂಬವನಿಗೂ ವಜಾ. ಡವ್ಟನ್ ಎಂಬವನು ನಿರ್ದೋಷಿಯಾದ. ಕೆಲಸ ಹೋದವರಲ್ಲಿಯೂ ಬಹುಪಾಲು ಜನ ಕೆಲವು ವರ್ಷಗಳಲ್ಲಿ ಲಂಡನ್ನಿನ ಅಪ್ಪಣೆಯಿಂದ ಮತ್ತೆ ಕೆಲಸಕ್ಕೆ ಬಂದರು.

ತೋಪಿನ ಬಾಯಿ ಯಾರಿಗೂ ಇಲ್ಲ. ನೇಣು ಯಾರಿಗೂ ಇಲ್ಲ. ಇವರ ಕೈಗೆ ರಕ್ತ ಅಂಟಿರಲಿಲ್ಲ, ವೆಲ್ಲೂರಿನಲ್ಲಿ ಕೊಲೆಗಳಾದವಲ್ಲ ಎಂದು ವಾದಿಸುವವರುಂಟು. ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ವೆಲ್ಲೂರಿನ ಮೊದಲೇ, ಯಾರ ಮೈಮೇಲೂ ಕೈಮಾಡದೆ ಬರಿಯ ಮುಂಡಾಸು ಬೇಡವೆಂದವರಿಗೆ 900 ಏಟು ಬಿದ್ದಿತ್ತು. ಬಿಳಿಯರು ಕೋಟೆಯನ್ನೇ ಕಸಿದುಕೊಂಡರೂ ಅದು ‘ಮನಸ್ತಾಪ’ ಎನಿಸಿಕೊಂಡಿತು. ಸರ್ ಜಾನ್ ಮಾಲ್ಕಂ, ಮಚಲೀಪಟ್ಟಣಕ್ಕೆ ಸಂಧಾನಕ್ಕೆ ಹೋದವನು, 1812ರಲ್ಲಿ ಇದರ ಬಗೆಗೆ ಪುಸ್ತಕವನ್ನೇ ಬರೆದ. ಅವನ ಚಿಂತೆಯೆಲ್ಲ ಬಾರ್ಲೋ ಅಧಿಕಾರಿಗಳೊಡನೆ ನಡೆದುಕೊಂಡ ರೀತಿಯ ಮೇಲೆಯೇ. 1929ರಲ್ಲಿ ಕಾರ್ಡ್ಯೂ ಎಂಬ ಮದರಾಸಿನ ಹಳೆಯ ಅಧಿಕಾರಿ ಬಾರ್ಲೋನ ಪರವಾಗಿ ಮತ್ತೊಂದು ಪುಸ್ತಕ ಬರೆದ. ಈ ನೂರಹದಿನೇಳು ವರ್ಷದ ವ್ಯಾಜ್ಯದಲ್ಲಿ ವಾದಿಯೂ ಬಿಳಿಯ, ಪ್ರತಿವಾದಿಯೂ ಬಿಳಿಯ.

ಆಳ್ವಿಕೆಯ ಮೇಲೆ ಇದರ ಪರಿಣಾಮ ಏನಾಯಿತು? ಮೇಲುನೋಟಕ್ಕೆ ಬಾರ್ಲೋ ಗೆದ್ದ. ಸೈನ್ಯ ಸರ್ಕಾರದ ಕೆಳಗೆ, ಸರ್ಕಾರ ಸೈನ್ಯದ ಕೆಳಗಲ್ಲ ಎಂಬುದು ಸ್ಥಿರಪಟ್ಟಿತು. ಗೆದ್ದವನನ್ನು 1812ರಲ್ಲಿ ಲಂಡನ್ನಿನವರು ವಾಪಸು ಕರೆಸಿಕೊಂಡರು! ಗೆದ್ದದ್ದು ಸರಿ, ಆದರೆ ಇನ್ನೊಮ್ಮೆ ಹೀಗೆ ಗೆಲ್ಲಬೇಡ ಎಂಬಂತಿತ್ತು ಆ ಕ್ರಮ. ಆದರೆ ಹೆಚ್ಚು ಆಳಕ್ಕಿಳಿದ ಗಾಯ ಬೇರೆಯದು. ಬೆರಳೆಣಿಕೆಯ ಬಿಳಿಯರು ಈ ವಿಶಾಲ ದೇಶವನ್ನು ಹಿಡಿದು ನಿಂತದ್ದು ಸಿಪಾಯಿಗಳ ವಿಧೇಯತೆಯ ಮೇಲೆ. ಬಿಳಿಯರೆಲ್ಲ ಒಂದೇ ಗೋಡೆ ಎಂಬ ಭಾವನೆ ಆ ವಿಧೇಯತೆಯ ಅಡಿಗಲ್ಲು. 1809ರಲ್ಲಿ ಆ ಗೋಡೆ ಬಿರುಕುಬಿಟ್ಟದ್ದನ್ನು ಸಿಪಾಯಿ ಕಣ್ಣಾರೆ ನೋಡಿದ. ಗವರ್ನರು ಸುಬೇದಾರನನ್ನು ಕರೆದು, ನಿನ್ನ ಕರ್ನಲನಿಗಿಂತ ನೀನೇ ನಂಬಿಕಸ್ಥ ಎಂಬರ್ಥದ ಮಾತಾಡಿದ್ದನ್ನು ಕೇಳಿದ. ಒಮ್ಮೆ ಆಡಿದ ಇಂಥ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೆ? 1857ರ ಬೀಜ ಪಟ್ಟಣದಲ್ಲಿ ಬಿದ್ದಿತೆಂದು ನಾನು ಹೇಳುವುದಿಲ್ಲ. ಅದು ಬಂಗಾಳದ ಸೈನ್ಯ, ಅದರ ಕಾರಣಗಳು ಬೇರೆ. ಆದರೆ ‘ಸಿಪಾಯಿ ಪಲ್ಟನ್ನು ತನ್ನ ಅಧಿಕಾರಿಯ ಆಳೋ, ಸರ್ಕಾರದ ಆಳೋ’ ಎಂಬ ಪ್ರಶ್ನೆಯನ್ನು ಮೊದಲು ಬಾಯಿಬಿಟ್ಟು ಕೇಳಿದ್ದು ದಂಗೆಯ ಸಿಪಾಯಿಯಲ್ಲ, ಮದರಾಸಿನ ಗವರ್ನರು.

1809ರ ಸುಮಾರಿಗೆ ಕುಂಪಣಿಯ ದಂಡು ಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಸಾಗತೊಡಗಿತು. ಸೊಳ್ಳೆಯೂ ಚಳಿಜ್ವರವೂ ಕಾರಣವೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಿಜವೇ ಇರಬೇಕು, ಪಟ್ಟಣದ ಸೊಳ್ಳೆಗಳ ಪರಿಚಯ ನನಗೂ ಇದೆ. ಹಲಸೂರಿನ ಕಡೆ ಬೆಳೆದ ಆ ದಂಡು ಪ್ರದೇಶ ಮುಂದೆ ಒಂದು ನಗರವೇ ಆಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಅರಸರಿಗೆ ಮರಳಿಸುವಾಗ ಆ ದಂಡು ಪ್ರದೇಶ ಇಂಗ್ಲಿಷರ ಕೈಗೂ ಪಟ್ಟಣದ ದ್ವೀಪ ಮೈಸೂರಿನ ಕೈಗೂ ಅದಲುಬದಲಾದವು.

ಮತ್ತೆ ಮೈಸೂರಿಗೆ ಸಿಕ್ಕ ಬಹುಮಾನ? ಆಪತ್ಕಾಲದಲ್ಲಿ ಸವಾರರನ್ನು ಕೊಟ್ಟ ರಾಜ್ಯವೆಂದು ಹೊಗಳಿಕೆಯ ಮಾತುಗಳು ಬಂದವು. ಇಪ್ಪತ್ತೆರಡು ವರ್ಷ ಕಳೆದು, 1831ರಲ್ಲಿ, ಅದೇ ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಕಿತ್ತುಕೊಂಡ ಗವರ್ನರ್ ಜನರಲ್ ಯಾರು ಗೊತ್ತೆ? ಲಾರ್ಡ್ ವಿಲಿಯಂ ಬೆಂಟಿಂಕ್. ವೆಲ್ಲೂರಿನ ಮುಂಡಾಸಿನ ಗಲಾಟೆಯಲ್ಲಿ ಮದರಾಸಿನಿಂದ ತೆಗೆದುಹಾಕಿಸಿಕೊಂಡು ಹೋಗಿದ್ದವನೇ, ಈಗ ಇಡೀ ದೇಶದ ಮೇಲಧಿಕಾರಿಯಾಗಿ ಬಂದಿದ್ದ. ಬಿಳಿಯರ ಹುದ್ದೆಗಳಿಗೆ ಪುನರ್ಜನ್ಮವಿತ್ತು.

ಕೆಲವು ತಿಂಗಳ ಹಿಂದೆ ನಮ್ಮ ತಮ್ಮನ ಮಗನನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗಿದ್ದೆ. ಹುಡುಗ ಕಾಲೇಜಿನಲ್ಲಿ ಓದುತ್ತಾನೆ. ಚರಿತ್ರೆ ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಕೋಟೆಯ ಮೇಲೆ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಅದರ ನಾಲ್ಕು ಮೈಯಲ್ಲೂ 1799ರ ಮುತ್ತಿಗೆಯಲ್ಲಿ ಹೋರಾಡಿದ ಪಲ್ಟನ್ನುಗಳ ಹೆಸರು, ಮಡಿದ ಇಂಗ್ಲಿಷ್ ಅಧಿಕಾರಿಗಳ ಹೆಸರು. ಅಲ್ಲಿಂದ ನದಿಯಾಚೆಗೆ ದಂಡಿನ ಸ್ಮಶಾನ. ಡಿ ಮ್ಯೂರಾನ್ ಎಂಬವನ ಪಲ್ಟನ್ನಿನಲ್ಲಿ ಬಾಡಿಗೆಗೆ ಕಾದಾಡಿದ ಸ್ವಿಸ್ ಜನರಿಗೂ ಅವರ ಹೆಂಡಿರು ಮಕ್ಕಳಿಗೂ ಗೋರಿ ಕಟ್ಟಿಸಿ ಹೆಸರು ಕೆತ್ತಿಸಿದ್ದಾರೆ. ಎಲ್ಲವನ್ನೂ ನೋಡಿದ ಮೇಲೆ ನಾನು ಆಗಸ್ಟ್ 11ರ ಕಥೆಯನ್ನು ಅವನಿಗೆ ಹೇಳಿದೆ. ಕೇಳಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಪ್ಪ, ಚಿತ್ರದುರ್ಗದವರ ಹೆಸರು ಯಾವ ಕಲ್ಲಿನ ಮೇಲಿದೆ?” ಎಂದ.

ಇಬ್ಬರೂ ಹುಡುಕಿದೆವು. ನಮಗೆ ಕಾಣಲಿಲ್ಲ. ಬಿಸಿಲು ಏರಿತ್ತು, ಉತ್ತರದ ಕಡೆ ಗದ್ದೆಯ ಬಯಲಿನಲ್ಲಿ ಯಾರೋ ನಾಟಿ ಹಾಕುತ್ತಿದ್ದರು. ಬಸ್ಸು ಹಿಡಿದು ಊರಿಗೆ ಬಂದೆವು. ಸೋಮನಹಳ್ಳಿಯ ನಿಲ್ದಾಣದಲ್ಲಿ ಇಳಿದು ರಸ್ತೆ ದಾಟಲು ವಾಹನಗಳ ಸಾಲು ಮುಗಿಯುವುದನ್ನು ಕಾಯುತ್ತ ನಿಂತಾಗ, ಅಜ್ಜಿ ಈ ರಸ್ತೆಗೆ ಇಟ್ಟಿದ್ದ ಹೆಸರನ್ನು ಹುಡುಗನಿಗೆ ಹೇಳಿದೆ.